ಯಾರ ಮುಂದೆ ಹೇಳಿಕೊಳ್ಳುವುದು?

ಕರಾವಳಿಯ ಹಿರಿಯಡಕ, ಕವತ್ತಾರು, ನಂದಳಿಕೆಯಂಥ ಊರುಗಳಲ್ಲಿ ವರ್ಷಕ್ಕೊಮ್ಮೆ ಹುಣ್ಣಿಮೆಯ ರಾತ್ರಿ ಸಿರಿಜಾತ್ರೆ ಸೇರುತ್ತದೆ. ಬಿಳಿ ಸೀರೆಯುಟ್ಟು, ಕೈಯಲ್ಲಿ ಹಿಂಗಾರ ಹಿಡಿದ ಹೆಂಗಸರು ಸಾಲುಸಾಲಾಗಿ ನಿಲ್ಲುತ್ತಾರೆ. ಹಿಂಗಾರ ಅಲುಗಾಡತೊಡಗಿದರೆ ದರ್ಶನ ಬಂತೆಂದು ಲೆಕ್ಕ. ಅವರ ನಡುವೆ ಓಡಾಡುವ ಗಂಡಸು ‘ಕುಮಾರ’, ತುಳುವಿನ ಹಾಡುಗತೆಯಾದ ಪಾಡ್ದನದ ಪ್ರಕಾರ ಸಿರಿಯ ಮಗ. ಹೊಸದಾಗಿ ಬಂದ ಹೆಂಗಸಿನ ಎದುರು ನಿಂತು ಅವನು ಪಟ್ಟುಹಿಡಿದು ಕೇಳುವುದು ಒಂದೇ ಮಾತು: ನೀನು ಯಾರು, ಹೆಸರು ಹೇಳು. ಸಿರಿಯೋ, ಸೊನ್ನೆಯೋ, ಅಬ್ಬಗನೋ, ದಾರಗನೋ? ಆಕೆ ಬೇಗ ಬಾಯಿ ಬಿಡುವುದಿಲ್ಲ. ಅಳುತ್ತಾಳೆ, ಅಬ್ಬರಿಸುತ್ತಾಳೆ, ಸುಮ್ಮನಾಗುತ್ತಾಳೆ. ಹಳೆಯ ಸಿರಿಗಳು ಹಾಡುತ್ತ ಸುತ್ತುಗಟ್ಟುತ್ತಾರೆ. ಮನೆಯವರು ಕೈಮುಗಿದು ಪಕ್ಕದಲ್ಲೇ ನಿಂತಿರುತ್ತಾರೆ.

ಅಲ್ಲಿಗೆ ಬರುವ ಹೆಂಗಸರಲ್ಲಿ ಹಲವರ ಕಷ್ಟ ಶುರುವಾದದ್ದು ಮೈನೆರೆದಾಗ, ಮದುವೆಯಾಗಿ ಬೇರೆ ಮನೆ ಸೇರಿದಾಗ, ಇಲ್ಲವೇ ಹೆರಿಗೆಯಾದಾಗ. ಊಟ ಬಿಟ್ಟವರು, ಮಾತು ಬಿಟ್ಟವರು, ಗಂಡನ ಮನೆಯಲ್ಲಿ ಕಾರಣವಿಲ್ಲದೆ ಬಿದ್ದು ಹೊರಳಾಡಿದವರು. ಅವರ ಬಾಯಿಗೆ ಹಾಡು ಒದಗಿಸುವ ಸಿರಿಯ ಕತೆಯೂ ಅಂಥದ್ದೇ. ಗಂಡ ಕಾಂತು ಪೂಂಜ ಬಸುರಿ ಹೆಂಡತಿಗೆ ತಂದ ಬಯಕೆ ಸೀರೆಯನ್ನು ಮೊದಲು ಸೂಳೆ ಸಿದ್ದು ಉಟ್ಟು ಬಿಚ್ಚಿದ್ದಾಳೆ. ಅದು ಗೊತ್ತಾಗಿ ಸಿರಿ ಆ ಸೀರೆಯನ್ನು ಒಲ್ಲೆ ಎನ್ನುತ್ತಾಳೆ, ಮುಂದೆ ಗಂಡನನ್ನೇ ಬಿಟ್ಟು ಹೊರಡುತ್ತಾಳೆ, ಮತ್ತೊಂದು ಮದುವೆಯನ್ನೂ ಆಗುತ್ತಾಳೆ. ಮೊಮ್ಮಕ್ಕಳಾದ ಅವಳಿಗಳು ಅಬ್ಬಗ, ದಾರಗ ಚೆನ್ನೆಮಣೆ ಆಡುತ್ತ ಜಗಳವಾಡುತ್ತಾರೆ. ಅಕ್ಕನ ಕೈಯಲ್ಲಿ ತಂಗಿ ಸಾಯುತ್ತಾಳೆ, ಅಕ್ಕ ಬಾವಿಗೆ ಹಾರುತ್ತಾಳೆ. ಗಂಡ, ಸವತಿ, ಆಸ್ತಿ, ಅಕ್ಕತಂಗಿಯರ ಮತ್ಸರ ಎಲ್ಲವೂ ಇದರಲ್ಲಿದೆ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರ ತಂಡ, ಸ್ವತಃ ಸಿರಿ ಆಚರಣೆಯ ಮುಖಂಡರಾಗಿದ್ದ ಗೋಪಾಲ ನಾಯ್ಕರಿಂದ ಇದನ್ನು ಪೂರ್ತಿ ಹಾಡಿಸಿಕೊಂಡಾಗ 15,683 ಸಾಲಾಯಿತು.

ಈ ಆಚರಣೆಯನ್ನು ಚಿಕಿತ್ಸೆ ಎನ್ನಬಹುದೆ? ತುಳುನಾಡಿನಲ್ಲಿ ಬಹುಕಾಲ ಕ್ಷೇತ್ರಕಾರ್ಯ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ 1970ರ ದಶಕದಿಂದಲೇ ಸಿರಿ ಆಚರಣೆಯ ಬಗ್ಗೆ ಬರೆದರು. ಮೈಮೇಲೆ ಬರುವುದನ್ನೆಲ್ಲ ಒಂದೇ ರೋಗದ ಹೆಸರಿಗೆ ಕಟ್ಟುವುದನ್ನು ಅವರು ಒಪ್ಪಲಿಲ್ಲ. ಮನೆಯಲ್ಲಿ ಹಠಾತ್ತನೆ ಆಗುವ ಆವೇಶವೇ ಬೇರೆ, ಸಿರಿಜಾತ್ರೆ ಸೇರುವ ಆಲಡೆಯ ಅಂಗಳದಲ್ಲಿ ಪಳಗಿಸಿಕೊಂಡ ದರ್ಶನವೇ ಬೇರೆ. ಮೊದಲನೆಯದನ್ನು ಎರಡನೆಯದಾಗಿ ತಿರುಗಿಸುವುದರಲ್ಲೇ ಆಚರಣೆಯ ಕಸುಬುದಾರಿಕೆ ಇದೆ. ಮನೆಯಲ್ಲಿ ಹೇಳಿದರೆ ಸೊಸೆಯ ದುರಹಂಕಾರ ಎನ್ನಿಸಿಕೊಳ್ಳುವ ಮಾತು ಅಂಗಳದಲ್ಲಿ ಸಿರಿಯ ನುಡಿಯಾಗುತ್ತದೆ. ಅತ್ತೆ, ಗಂಡ, ಮೈದುನ ನಿಂತು ಕೇಳಲೇಬೇಕಾಗುತ್ತದೆ. ಆದರೆ ಬೆಳಗಾದರೆ ಆಕೆ ಮರಳುವುದು ಅದೇ ಮನೆಗೆ. ಆಚರಣೆ ಮನೆಯನ್ನು ಬದಲಿಸುವುದಿಲ್ಲ, ವರ್ಷಕ್ಕೊಂದು ರಾತ್ರಿ ಕೊಡುತ್ತದೆ. ನಂಬಿಕೆಯ ಜಾಗಗಳೆಲ್ಲ ಇಷ್ಟು ಕರುಣೆಯವೂ ಅಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ 25ಕ್ಕೂ ಹೆಚ್ಚು ಮಂದಿ ಕದಲಲಾಗದೆ ಸುಟ್ಟುಹೋದರು.

ಆಸ್ಪತ್ರೆಯ ದಾರಿ, ಮನೆಯವರ ಎದುರಲ್ಲೇ ನಡೆಯುವ ಸಿರಿ ಆಚರಣೆಗೆ ತದ್ವಿರುದ್ಧವಾಗಿ ಶುರುವಾಯಿತು. ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿ, 19ನೇ ಶತಮಾನದ ನಡುಭಾಗದಲ್ಲಿ, ಬೆಂಗಳೂರಿಗೆ ಬಂದ ‘ಲೂನಾಟಿಕ್ ಅಸೈಲಂ’ನ ಕೆಲಸ ರೋಗಿಯನ್ನು ಊರಿನಿಂದ ಬೇರೆ ಇಡುವುದು. ಮನೆಯವರ ಪಾತ್ರ ಗೇಟಿನವರೆಗೆ ತಂದು ಬಿಡುವಲ್ಲಿಗೆ ಮುಗಿಯುತ್ತಿತ್ತು. 1925ರಲ್ಲಿ ಅದು ‘ಮೆಂಟಲ್ ಹಾಸ್ಪಿಟಲ್’ ಆಯಿತು, 1930ರ ದಶಕದಲ್ಲಿ ಹೊಸೂರು ರಸ್ತೆಗೆ ಬಂತು. ಜನರ ಬಾಯಲ್ಲಿ ಮಾತ್ರ ಹುಚ್ಚಾಸ್ಪತ್ರೆಯಾಗಿಯೇ ಉಳಿಯಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಭೋರ್ ಸಮಿತಿ ಮಾಡಿದ ಶಿಫಾರಸಿನಂತೆ 1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದನ್ನು ಕಟ್ಟಿದವರು. ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರನ್ನೂ ಅಲ್ಲಿಯೇ ತಯಾರು ಮಾಡಲಾಯಿತು. 1974ರ ಡಿಸೆಂಬರಿನಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆದದ್ದು ಎಲ್ಲರಿಗೂ ಗೊತ್ತಿದೆ.

ಗೋಡೆಯ ಹೊರಗೆ ಬಿಟ್ಟ ಮನೆಯವರನ್ನು ಒಳಕ್ಕೆ ಕರೆದ ಖ್ಯಾತಿ ಮೊದಲು ಅಮೃತಸರಕ್ಕೆ ಸಲ್ಲುತ್ತದೆ. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿದ್ದ ಡಾ. ವಿದ್ಯಾಸಾಗರ್ ಅವರಿಗೆ ಹಾಸಿಗೆಗಳು ಸಾಲುತ್ತಿರಲಿಲ್ಲ. ಅವರು ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಅಪ್ಪನೋ ಹೆಂಡತಿಯೋ ಇರಲಿ ಎಂದರು. ಜಾಗದ ಕೊರತೆಗೆ ಹುಡುಕಿದ ಉಪಾಯವೇ ಮದ್ದಾಯಿತು. ಒಂದು ಡೇರೆಯ ತಾಯಿ ಇನ್ನೊಂದು ಡೇರೆಯ ತಾಯಿಯ ಕತೆ ಕೇಳಿದಳು. ಇದು ಶಾಪವಲ್ಲ, ಕಾಯಿಲೆ ಎಂಬುದು ವೈದ್ಯರಿಗಿಂತ ಪಕ್ಕದವರ ಬಾಯಿಂದ ಚೆನ್ನಾಗಿ ತಿಳಿಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅದೇ ದಶಕದಲ್ಲಿ ತನ್ನ ಮಾನಸಿಕ ಆರೋಗ್ಯ ಕೇಂದ್ರವನ್ನು ಮನೆಯವರು ಜೊತೆಗಿರುವ ಪದ್ಧತಿಯ ಮೇಲೆಯೇ ಕಟ್ಟಿತು. ನಿಮ್ಹಾನ್ಸ್‌ನಲ್ಲಿ 1970ರ ದಶಕದ ಉತ್ತರಾರ್ಧದಲ್ಲಿ ಕುಟುಂಬಗಳಿಗೆಂದೇ ವಾರ್ಡು ಬಂತು. ಡಾ. ಎಸ್.ಎಂ. ಚನ್ನಬಸವಣ್ಣ, ಆರ್.ಎಸ್. ಭಟ್ಟಿ ಮೊದಲಾದವರು ಅಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಒಟ್ಟಿಗೆ ಇಟ್ಟುಕೊಂಡು ಕೆಲಸ ಮಾಡಿದರು. ಇಲ್ಲಿ ಕುಟುಂಬವೇ ರೋಗಿ. ಯಾರು ಯಾರ ಮಾತನ್ನು ಅರ್ಧಕ್ಕೆ ತುಂಡರಿಸುತ್ತಾರೆ, ಸಂಬಳ ಯಾರ ಕೈಗೆ ಹೋಗುತ್ತದೆ, ಮಗನ ಮದುವೆ ನಿರ್ಧಾರ ಮಾಡುವವರು ಯಾರು ಎಂಬಂಥ ಸಂಗತಿಗಳು ಕೇಸ್ ಷೀಟು ಸೇರಿದವು.

ಈ ಇಡೀ ಚರಿತ್ರೆಯಲ್ಲಿ ಹೆಚ್ಚು ಹರಿತವಾದ ಬರಹ 1964ರದು. ಬೆಂಗಳೂರಿನ ಸಂಸ್ಥೆಯ ಡಾ. ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಂ ಭಾರತೀಯ ಮನೋವೈದ್ಯರ ಪತ್ರಿಕೆಗೆ ಒಂದು ಲೇಖನ ಬರೆದರು. ಅಲ್ಲಿಗೆ ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸ್ ಮನೋವಿಶ್ಲೇಷಣಾ ಸಂಘ ಕಟ್ಟಿ 40 ವರ್ಷ ಕಳೆದಿತ್ತು. ಫ್ರಾಯ್ಡ್‌ರ 75ನೇ ಹುಟ್ಟುಹಬ್ಬಕ್ಕೆ ಆ ಸಂಘ ದಂತದ ವಿಷ್ಣುವಿನ ವಿಗ್ರಹವನ್ನು ವಿಯೆನ್ನಾಗೆ ಕಳಿಸಿತ್ತು. ಬೆಂಗಳೂರಿನವರದು ಇಷ್ಟು ಭಕ್ತಿಯ ದಾರಿಯಲ್ಲ. ನಮ್ಮ ರೋಗಿ ಮನದಾಳವನ್ನು ಕೆದಕಿಕೊಳ್ಳುವುದಕ್ಕಿಂತ ಎದುರಿಗಿರುವ ಸಂಕಟಕ್ಕೆ ನೇರ ಆಸರೆ ಬಯಸುತ್ತಾನೆ. ವೈದ್ಯನನ್ನು ಗಡಿಯಾರ ನೋಡುವ ಅಪರಿಚಿತನಾಗಿ ಅಲ್ಲ, ಮನೆಯ ಹಿರಿಯನಾಗಿ ಹಿಡಿದುಕೊಳ್ಳುತ್ತಾನೆ. ಹೊತ್ತಲ್ಲದ ಹೊತ್ತಿಗೆ ಬರುತ್ತಾನೆ, ಹಕ್ಕಿನಿಂದ ಕೇಳುತ್ತಾನೆ. ತೊಡಕು ಇರುವುದು ರೋಗಿಯಲ್ಲಲ್ಲ, ಪಶ್ಚಿಮದ ಪುಸ್ತಕ ಓದಿ ಬಂದ ವೈದ್ಯನಲ್ಲಿ ಎಂಬುದು ಅವರ ವಾದದ ಸಾರ. ಕೆಲವು ವರ್ಷಗಳ ನಂತರ ಡಾ. ಜೆ.ಎಸ್. ನೇಕಿ ಇದನ್ನೇ ಗುರು-ಶಿಷ್ಯ ಸಂಬಂಧದ ಮಾದರಿಯಾಗಿ ಬೆಳೆಸಿದರು. ಸೂರ್ಯ ಮುಂದೆ ಬೆಂಗಳೂರು ಬಿಟ್ಟು ಪಾಂಡಿಚೇರಿಯ ಅರವಿಂದಾಶ್ರಮ ಸೇರಿದರು.

ಅವರ ವಾದದ ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನಲ್ಲಿ ಹಿರಿಯನೇ ಕಾಟವಾಗಿರುವ ಮನೆಗಳಿವೆ. ಅದನ್ನು ವೈದ್ಯರಿಗಿಂತ ಮೊದಲು ಬರೆದವರು ಕಾದಂಬರಿಕಾರ್ತಿಯರು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾಗದೆ ಉಳಿದವರು ಮನೆಯವರು. ನಕ್ಕರೂ ಅನುಮಾನ, ಅತ್ತರೂ ಅನುಮಾನ. ಮುಂದೆ ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದಾಗ ಕಲ್ಪನಾ ಅವರ ಅಭಿನಯ ನೋಡಲು ಸಾಲುಗಟ್ಟಿದ ಜನ, ಬಿಡುಗಡೆಯಾದ ರೋಗಿಗೆ ಮನೆಯೇ ಪಂಜರವಾಗಬಹುದೆಂಬುದನ್ನೂ ನೋಡಿ ಬಂದರು. ಮನಸ್ಸಿನ ಬಗೆಗಿನ ಓದಿಗೂ ಬರಗಾಲವಿರಲಿಲ್ಲ. ‘ಕೊರವಂಜಿ’ಯ ನಗೆಗಾರ ರಾಶಿ, ಅಂದರೆ ಡಾ. ಎಂ. ಶಿವರಾಂ, ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಅನುಪಮಾ ನಿರಂಜನ ಅವರ ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ ಮದುವೆಯ ಉಡುಗೊರೆಯಾಗಿ ಕೈಯಿಂದ ಕೈಗೆ ಹೋದವು. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಪುಸ್ತಕ, ಅಂಕಣ, ಭಾಷಣಗಳಲ್ಲಿ ಸರಳ ಕನ್ನಡದಲ್ಲಿ ಬರೆಯುತ್ತ, ಹೇಳುತ್ತ ಬಂದರು. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ‘ಸಮಾಧಾನ’ ಎಂಬ ಆಪ್ತ ಸಲಹಾ ಕೇಂದ್ರವನ್ನೇ ನಡೆಸಿದರು. ಹೆಸರು ಮುಚ್ಚಿಟ್ಟು ಪತ್ರಿಕೆಗೆ ಪ್ರಶ್ನೆ ಕಳಿಸಿ, ಉತ್ತರಕ್ಕಾಗಿ ವಾರಗಟ್ಟಲೆ ಕಾದವರ ಪಾಲಿಗೆ ಇಂಥ ಅಂಕಣವೇ ಥೆರಪಿ.

ಬೆಂಗಳೂರಿನಲ್ಲಿ ಮುಚ್ಚಿದ ಕೋಣೆ, ಎದುರುಬದುರು ಎರಡು ಕುರ್ಚಿ, ಮನೆಯವರಿಗೆ ಪ್ರವೇಶವಿಲ್ಲ ಎಂಬ ವ್ಯವಸ್ಥೆ ಬೇರೂರಿದ್ದು 1980–90ರ ದಶಕಗಳಲ್ಲಿ. ವೈದ್ಯರೂ ಪಾದ್ರಿಗಳೂ ಸೇರಿ ಕಟ್ಟಿದ ಮೆಡಿಕೊ ಪಾಸ್ಟೋರಲ್ ಅಸೋಸಿಯೇಷನ್ 1964ರಿಂದಲೇ ಇತ್ತು. ಬಂಜಾರಾ ಅಕಾಡೆಮಿ, ಪರಿವರ್ತನ್‌ನಂಥ ಸಂಸ್ಥೆಗಳು ಡಾಕ್ಟರಲ್ಲದವರನ್ನೂ ತರಬೇತಿ ಕೊಟ್ಟು ಕೇಳಲು ಕೂರಿಸಿದವು. ಆ ಹೊತ್ತಿಗೆ ಊರು ಬಿಟ್ಟು ಬಂದ ಹುಡುಗ ಹುಡುಗಿಯರಿಂದ ನಗರ ತುಂಬತೊಡಗಿತ್ತು. ಅವರನ್ನು ಕರೆದುಕೊಂಡು ಬರಲು ಮನೆಯವರು ಜೊತೆಗಿರಲಿಲ್ಲ. ಇದ್ದರೂ ಅವರ ಎದುರು ಹೇಳುವ ಮಾತಾಗಿರಲಿಲ್ಲ.

ಹಾಗೆ ಹೇಳಲಾಗದ ಮಾತುಗಳಲ್ಲಿ ಮೊದಲನೆಯದು ಸಲಿಂಗ ಪ್ರೀತಿ. ಮಗನನ್ನು ‘ಸರಿ ಮಾಡಿಸಲು’ ತಂದೆತಾಯಿಯೇ ವೈದ್ಯರ ಬಳಿ ಎಳೆದು ತಂದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಈ ದೇಶದ ಕೆಲವು ವೈದ್ಯರು ವಿದ್ಯುತ್ ಶಾಕಿನಿಂದ ಹೇಸಿಗೆ ಹುಟ್ಟಿಸುವ ಚಿಕಿತ್ಸೆಯನ್ನೂ ಮಾಡಿದ್ದಾರೆ. ಕುಟುಂಬವನ್ನು ಚಿಕಿತ್ಸೆಯೊಳಗೆ ತಂದದ್ದು ನಮ್ಮ ಹೆಮ್ಮೆ ನಿಜ, ಆದರೆ ಇಲ್ಲಿ ಕುಟುಂಬ ಮತ್ತು ವೈದ್ಯ ಒಂದಾಗಿ ರೋಗಿಯ ಮೇಲೆಯೇ ಬಿದ್ದರು. ಬೆಂಗಳೂರಿನ ವಕೀಲ ಅರವಿಂದ್ ನಾರಾಯಿನ್ ಮತ್ತು ಸ್ವಭಾವ ಟ್ರಸ್ಟ್‌ನ ವಿನಯ್ ಚಂದ್ರನ್ ನಗರದ ವೈದ್ಯರನ್ನೇ ಮಾತನಾಡಿಸಿ ಈ ಕತೆಯನ್ನು ಬಯಲಿಗೆ ತಂದರು. ಸ್ವಭಾವ ಟ್ರಸ್ಟ್ ‘ಸಹಾಯ’ ಎಂಬ ದೂರವಾಣಿ ಸಲಹೆಯನ್ನೂ ನಡೆಸಿತು. ಮುಖ ತೋರಿಸದೆ, ಹೆಸರು ಹೇಳದೆ ಮಾತನಾಡುವ ಅವಕಾಶ ಅದು.

2021ರಲ್ಲಿ ಮದ್ರಾಸ್ ಹೈಕೋರ್ಟ್ ಮುಂದೆ ಬಂದ ಮೊಕದ್ದಮೆ ಈ ಚರಿತ್ರೆಗೆ ಒಂದು ತಿರುವು. ಮದುರೆಯಿಂದ ಓಡಿಬಂದ ಇಬ್ಬರು ಯುವತಿಯರು ಒಟ್ಟಿಗೆ ಬಾಳಲು ರಕ್ಷಣೆ ಕೇಳಿದ್ದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಯುವತಿಯರನ್ನೂ ಹೆತ್ತವರನ್ನೂ ಆಪ್ತ ಸಮಾಲೋಚಕಿಯ ಬಳಿ ಕಳಿಸಿದರು. ಆಮೇಲೆ, ತೀರ್ಪು ಬರೆಯುವ ಮೊದಲು ತಮ್ಮ ಪೂರ್ವಗ್ರಹವನ್ನು ತಾವೇ ಅರಿಯಬೇಕೆಂದು ತಾವೂ ಅದೇ ಕುರ್ಚಿಯಲ್ಲಿ ಹೋಗಿ ಕುಳಿತರು, ಅದನ್ನು ಆದೇಶದಲ್ಲೇ ದಾಖಲಿಸಿದರು. ಒಬ್ಬ ನ್ಯಾಯಾಧೀಶ ಹೀಗೆ ಮಾಡಿದ್ದನ್ನು ಬೇರೆಲ್ಲೂ ಓದಿದ ನೆನಪಿಲ್ಲ. ಲೈಂಗಿಕ ಒಲವನ್ನು ‘ಬದಲಿಸುವ’ ಚಿಕಿತ್ಸೆಗೆ ಅವರು ಅಂಕುಶ ಹಾಕಿದರು. ಅದರ ಮುಂದುವರಿಕೆಯಾಗಿ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂಥ ಚಿಕಿತ್ಸೆ ವೃತ್ತಿಯ ದುರ್ನಡತೆ ಎಂದು ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಬರೆಯಿತು.

ಇಷ್ಟೆಲ್ಲ ಆದರೂ ಕಸುಬಿನ ಬೇಲಿ ಭದ್ರವಾಗಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಬರೀ ‘ಕೌನ್ಸೆಲರ್’, ‘ಥೆರಪಿಸ್ಟ್’ ಎಂಬ ಬೋರ್ಡು ಹಾಕಿಕೊಳ್ಳುವವರಿಗೆ ದಶಕಗಳ ಕಾಲ ಕೇಳುವವರೇ ಇರಲಿಲ್ಲ. ವಾರಾಂತ್ಯದ ಕೋರ್ಸು ಮುಗಿಸಿದವರೂ ಗಂಟೆಗೆ ಸಾವಿರಾರು ರೂಪಾಯಿ ಪಡೆಯುವ ಸ್ಥಿತಿ ಬಂತು. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆ ಇವರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಅದರ ಬಿಗಿ ಗಲ್ಲಿಯ ಬೋರ್ಡಿನವರೆಗೂ ಮುಟ್ಟುವ ತನಕ ಹೋಗುವವರೇ ಎಚ್ಚರ ವಹಿಸಬೇಕು: ಓದಿದ್ದೆಲ್ಲಿ, ಯಾರ ಕೈಕೆಳಗೆ ಕಲಿತದ್ದು, ಮಾತು ಹೊರಗೆ ಹೋಗದಂತೆ ಏನು ಏರ್ಪಾಡು ಎಂದು ಮೊದಲ ದಿನವೇ ಕೇಳುವುದಕ್ಕೆ ಸಂಕೋಚ ಬೇಡ. ದುಡ್ಡಿಲ್ಲದವರಿಗೆ, ಹೊರಗೆ ಹೋಗಲಾಗದವರಿಗೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ, ನಿಮ್ಹಾನ್ಸ್ ಮುಂದಾಳತ್ವದ ಟೆಲಿ-ಮನಸ್ ಇದೆ. ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಯಾವಾಗಲೂ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.