ಕೋಲಾರದ ಗಣಿಯಾಳದಲ್ಲಿ ಕಂಡ ಆ ಗೆರೆಗಳು

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ತಂಬಾಕು ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬೇಲು ಕಟ್ಟುವಾಗಲೇ ಕೈಗೆ ಅದರ ತೂಕದ ಅಂದಾಜು ಸಿಕ್ಕಿರುತ್ತದೆ. ತೂಕದ ಯಂತ್ರ ಅದರ ಐದಾರು ಪಟ್ಟು ತೋರಿಸಿದರೆ? ಒಳಗೆ ಕಾಣದ್ದೇನೋ ಸೇರಿದೆ ಅನ್ನಬೇಕು, ಇಲ್ಲವೇ ಯಂತ್ರ ಕೆಟ್ಟಿದೆ ಅನ್ನಬೇಕು. ಆಕಾಶದ ವಿಷಯದಲ್ಲಿ ವಿಜ್ಞಾನಿಗಳು ಇದೇ ಜಗಳವನ್ನು 90 ವರ್ಷದಿಂದ ಆಡುತ್ತಿದ್ದಾರೆ. ಒಳಗೆ ಸೇರಿದೆ ಎನ್ನಲಾದ ಆ ಕಾಣದ ವಸ್ತುವಿಗೆ ಡಾರ್ಕ್ ಮ್ಯಾಟರ್ ಅಂತ ಹೆಸರು, ಪುಸ್ತಕದ ಕನ್ನಡದಲ್ಲಿ ಕಪ್ಪುದ್ರವ್ಯ. ಹೆಸರಿಗಷ್ಟೇ ಕಪ್ಪು. ಅದು ಬೆಳಕು ಸೂಸುವುದೂ ಇಲ್ಲ, ತಡೆಯುವುದೂ ಇಲ್ಲ, ಆದರೆ ತೂಕವಿದೆ.

ಶುರುವಾದದ್ದು 1933ರಲ್ಲಿ. ಸ್ವಿಸ್ ಖಗೋಳಜ್ಞ ಫ್ರಿಟ್ಜ್ ಜ್ವಿಕಿ ಕೋಮಾ ಎಂಬ ಗೆಲಾಕ್ಸಿಗಳ ಗುಂಪನ್ನು ನೋಡಿ ತಲೆ ಕೆರೆದುಕೊಂಡರು. ಕವಣೆ ಬೀಸಿದವರಿಗೆ ಗೊತ್ತು, ಕಲ್ಲು ಜೋರಾಗಿ ತಿರುಗಿದಷ್ಟೂ ಹಗ್ಗ ಗಟ್ಟಿಯಿರಬೇಕು. ಆ ಗೆಲಾಕ್ಸಿಗಳ ಓಟ ನೋಡಿದರೆ, ಕಾಣುವ ನಕ್ಷತ್ರಗಳ ಸೆಳೆತ ಅವನ್ನು ಹಿಡಿದಿಡಲು ಸಾಲದು. 1970ರ ದಶಕದಲ್ಲಿ ಅಮೆರಿಕದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಒಂದೊಂದೇ ಗೆಲಾಕ್ಸಿಯೊಳಗೂ ಇದೇ ಕಥೆ ಕಂಡರು. 1983ರಲ್ಲಿ ಇಸ್ರೇಲಿನ ಮೊರ್ದೆಹಾಯ್ ಮಿಲ್‌ಗ್ರೋಮ್ ತಿರುಗಿ ನಿಂತರು: ಯಾವ ಕಾಣದ ವಸ್ತುವೂ ಇಲ್ಲ, ಗುರುತ್ವದ ನಿಯಮವನ್ನೇ ತಿದ್ದಬೇಕು, ಅಂದರೆ ಯಂತ್ರವೇ ಸರಿಯಿಲ್ಲ.

ಇದನ್ನು ಹಟಮಾರಿತನ ಅನ್ನಬೇಡಿ. ಯುರೇನಸ್ ದಾರಿ ತಪ್ಪುತ್ತಿದ್ದಾಗ ಫ್ರಾನ್ಸಿನ ಲೆವೆರಿಯೇ ಲೆಕ್ಕ ಹಾಕಿ, ಕಾಣದ ಗ್ರಹವೊಂದಿದೆ ಅಂದರು. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧ ಗ್ರಹ ದಾರಿ ತಪ್ಪಿದಾಗಲೂ ಅವರು ಇನ್ನೊಂದು ಗ್ರಹವಿರಬೇಕು ಅಂದರು. ಅದಕ್ಕೆ ವಲ್ಕನ್ ಅಂತ ಹೆಸರೂ ಬಿತ್ತು. ಗ್ರಹ ಮಾತ್ರ ಸಿಗಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ತಿದ್ದಿದ ಮೇಲೆ ಬುಧನ ಲೆಕ್ಕ ಸರಿಹೋಯಿತು.

ಇನ್ನು ನಮ್ಮ ರಾಜ್ಯದ ಮಾತಿಗೆ ಬರೋಣ. ಈ ಜಗಳಕ್ಕೆ ಕೋಲಾರದ ಚಿನ್ನದ ಗಣಿಯೂ ಒಂದು ಸಾಕ್ಷಿ ಕೊಟ್ಟಿದೆ. ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್ 1951ರಲ್ಲಿ, ಹೋಮಿ ಭಾಭಾ ಅವರ ಮಾತಿನಂತೆ, ಬಾನಿನಿಂದ ಬರುವ ಕಣಗಳನ್ನು ಅಳೆಯಲು ಉಪಕರಣ ಹೊತ್ತು ಆ ಗಣಿಗೆ ಇಳಿದರು. ಆಳಕ್ಕೆ ಹೋದಷ್ಟೂ ಬಂಡೆ ಜರಡಿಯಂತೆ ಬೇರೆ ಕಣಗಳನ್ನು ತಡೆಯುತ್ತದೆ. 2.3 ಕಿಲೋಮೀಟರ್ ಆಳದಲ್ಲಿ ಬಹುತೇಕ ನಿಶ್ಶಬ್ದ. ಬಂಡೆಯನ್ನೂ ಭೂಮಿಯನ್ನೂ ಲೆಕ್ಕಿಸದೆ ತೂರಿ ಬರುವ ನ್ಯೂಟ್ರಿನೋಗಳನ್ನು, ವಾತಾವರಣದಲ್ಲಿ ಹುಟ್ಟಿದವನ್ನು, ಅಲ್ಲಿ 1965ರಲ್ಲಿ ಮುಂಬಯಿಯ ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ತಂಡಗಳು ಸೇರಿ ಹಿಡಿದವು. ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಿಂದ ಇಂಥದೇ ವರದಿ ಅಚ್ಚಾದದ್ದು ಎರಡು ವಾರದ ನಂತರ. ಚಿನ್ನಕ್ಕಾಗಿ ತಲೆಮಾರುಗಟ್ಟಲೆ ಕಾರ್ಮಿಕರು ತೋಡಿದ ಸುರಂಗ ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ವಿಜ್ಞಾನದ ಪುಸ್ತಕಗಳು ಇದನ್ನು ಯಾಕೋ ಒಂದು ಸಾಲಿನಲ್ಲಿ ಮುಗಿಸುತ್ತವೆ.

ಅದೇ ಉಪಕರಣಗಳಲ್ಲಿ ಲೆಕ್ಕಕ್ಕೆ ಸಿಗದ ಕೆಲವು ಗುರುತುಗಳು ಬಿದ್ದವು. 1975ರಲ್ಲಿ ವಿಜ್ಞಾನಿಗಳು ಅದನ್ನು ಪ್ರಕಟಿಸಿದರು. ಒಂದೇ ಬಿಂದುವಿನಿಂದ ಎರಡು ಮೂರು ಕಣಗಳು ಸಿಡಿದಂಥ ಗೆರೆಗಳು. ಹಿಂದಕ್ಕೆ ಎಳೆದುಕೊಂಡು ಹೋದರೆ ಆ ಬಿಂದು ಬಂಡೆಯಲ್ಲಿಲ್ಲ, ಗೋಡೆಗೂ ಉಪಕರಣಕ್ಕೂ ನಡುವಿನ ಗಾಳಿಯಲ್ಲಿದೆ! ನ್ಯೂಟ್ರಿನೋ ಬಂಡೆಗೆ ಬಡಿಯುವುದೇ ಅಪರೂಪ, ತೆಳು ಗಾಳಿಗೆ ಬಡಿಯುವುದಂತೂ ದೂರದ ಮಾತು. ಹಾಗಾದರೆ ಹೊಸ ಕಣವೊಂದು ಹಾರುತ್ತಲೇ ಒಡೆದಿರಬೇಕು ಎಂಬುದು ಅವರ ವಾದ. ನ್ಯೂಟ್ರಿನೋ ಬಡಿದಾಗ ಆ ಕಣ ಹುಟ್ಟುವುದಾದರೆ ನಾವೂ ಹುಟ್ಟಿಸಿ ನೋಡೋಣ ಎಂದು ಜಿನೀವಾದ ಸರ್ನ್ ಮತ್ತು ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಗಳು ಹುಡುಕಿದವು. ಸಿಗಲಿಲ್ಲ. ಕೋಲಾರದ ಗೆರೆಗಳು ಕಡತ ಸೇರಿದವು.

2014ರಲ್ಲಿ ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಆ ಕಡತ ಬಿಚ್ಚಿದರು. ಬೆಂಗಳೂರಿನಿಂದ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿ ಅವರು ಕೇಳಿದ್ದು: ಅದು ಕಪ್ಪುದ್ರವ್ಯದ ಕಣವೇ ಯಾಕಾಗಿರಬಾರದು? ಗಣಿಯ ಗಾಳಿಯಲ್ಲಿ ತೇಲುತ್ತಿದ್ದ ಕಣ ತಾನಾಗಿ ಒಡೆದಿದ್ದರೆ, ಸರ್ನ್‌ನಲ್ಲಿ ಹುಟ್ಟಿಸಲು ಆಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಅವರ ಲೆಕ್ಕದಲ್ಲಿ ಅಂಥ ಕಣದ ಆಯುಸ್ಸು ಹೆಚ್ಚೂಕಮ್ಮಿ ವಿಶ್ವದ ವಯಸ್ಸಿನಷ್ಟು.

ಊಹೆ ಸೊಗಸಾಗಿದೆ. ಆದರೆ ನಮಗೆ ಅನುಮಾನವೇ ಹೆಚ್ಚು. ಗುರುತುಗಳು ಬೆರಳೆಣಿಕೆಯಷ್ಟು. ಕಪ್ಪುದ್ರವ್ಯ ಆ ವೇಗದಲ್ಲಿ ಒಡೆಯುತ್ತಿದ್ದರೆ ಆಕಾಶದ ತುಂಬ ಅದರ ಕುರುಹು ಕಾಣಬೇಕಿತ್ತು. ವಿಶ್ವದ ವಯಸ್ಸಿಗಿಂತ ಎಷ್ಟೋ ಪಟ್ಟು ಹೆಚ್ಚು ಕಾಲ ಅದು ಒಡೆಯದೆ ಉಳಿಯಬೇಕು ಎನ್ನುತ್ತವೆ ಖಗೋಳ ವೀಕ್ಷಣೆಗಳು. ಹಾಗಂತ ಕಪ್ಪುದ್ರವ್ಯವೇ ಸುಳ್ಳು ಅನ್ನಲೂ ಆಗದು. 2006ರಲ್ಲಿ ಬುಲೆಟ್ ಕ್ಲಸ್ಟರ್ ಎಂಬ, ಡಿಕ್ಕಿ ಹೊಡೆದ ಎರಡು ಗೆಲಾಕ್ಸಿ ಗುಂಪುಗಳನ್ನು ಅಳೆದಾಗ, ಕಾಣುವ ಅನಿಲ ನಡುವೆ ಉಳಿದಿತ್ತು, ತೂಕ ಮಾತ್ರ ಮುಂದೆ ಹೋಗಿತ್ತು. ಸೊಪ್ಪು ಒಂದು ಕಡೆ, ಭಾರ ಇನ್ನೊಂದು ಕಡೆ! ಯಂತ್ರ ಕೆಟ್ಟಿದೆ ಎನ್ನುವವರಿಗೆ ಇದು ಕಷ್ಟದ ಪ್ರಶ್ನೆ. ಕಣವನ್ನು ಇವತ್ತಿಗೂ ಯಾರೂ ಹಿಡಿದಿಲ್ಲ ಎಂಬುದು ಇನ್ನೊಂದು ಪಕ್ಷಕ್ಕೆ ಕಷ್ಟದ ಪ್ರಶ್ನೆ. ಬೆಂಗಳೂರಿನ ಖಭೌತ ಸಂಸ್ಥೆಯ ಸಿ. ಶಿವರಾಂ ಮತ್ತು ಸಂಗಡಿಗರು 2017ರಲ್ಲಿ ಎರಡೂ ಕಡೆಯ ವಾದಗಳನ್ನು ಒಟ್ಟಿಗೆ ಇಟ್ಟು ದೊಡ್ಡ ಲೇಖನವನ್ನೇ ಬರೆದಿದ್ದಾರೆ.

ಕೋಲಾರದ ಗೆರೆಗಳನ್ನು ಪರೀಕ್ಷಿಸುವ ದಾರಿ ಇತ್ತು. ಆಳದಲ್ಲೊಂದು ದೊಡ್ಡ ಖಾಲಿ ಗುಹೆ, ಗೋಡೆಗಳ ಮೇಲೆ ಉಪಕರಣ. ತಮಿಳುನಾಡಿನ ತೇನಿ ಬೆಟ್ಟದಲ್ಲಿ ಕಟ್ಟಬೇಕಿದ್ದ ನ್ಯೂಟ್ರಿನೋ ವೀಕ್ಷಣಾಲಯದಲ್ಲಿ ಇದು ಆಗಬಹುದಿತ್ತು. ಬೆಟ್ಟ ಕೊರೆದರೆ ನಮ್ಮ ನೀರಿಗೇನು, ಕಾಡಿಗೇನು ಎಂದು ಅಲ್ಲಿನವರು ಕೇಳಿದರು. ಕೇಳಿದ್ದು ತಪ್ಪೆಂದು ನಾವಂತೂ ಹೇಳಲಾರೆವು. ಆ ಯೋಜನೆ ನಿಂತಿತು. ಕೋಲಾರದ ಗಣಿ 2001ರ ಫೆಬ್ರವರಿ 28ರಂದೇ ಮುಚ್ಚಿತ್ತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. 2017ರಲ್ಲಿ ಜಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿಯಲ್ಲಿ ಕಪ್ಪುದ್ರವ್ಯ ಹುಡುಕಲು ಸಣ್ಣ ಪ್ರಯೋಗಾಲಯ ತೆರೆದರು. ಅದರ ಆಳ 555 ಮೀಟರ್, ಕೋಲಾರದ ಪ್ರಯೋಗ ನಡೆದ ಆಳದ ಕಾಲು ಭಾಗದಷ್ಟು.