ಅಜ್ಜಿಯ ಗಂಟು, ನೈಲಾನ್ ಗಂಟು

ಹೋದ ವಾರ ನಮ್ಮ ಚಿಕ್ಕ ಮಗ ಸ್ವರ್ಣಾ ಹೊಳೆಗೆ ಗಾಳ ಹಾಕುಕೆ ಹೋದವ ಮೋರೆ ಸಣ್ಣ ಮಾಡ್ಕಂಡ್ ಬಂದ. "ದೊಡ್ಡ ಮೀನ್ ಸಿಕ್ಕಿತ್ತ್ ಅಮ್ಮಾ, ದಾರವೇ ಕಡ್ದ್ ಹೋಯ್ತ್" ಅಂದ. ದಾರ ಈಸ್ಕಂಡ್ ಕಂಡೆ. ತುದಿ ಸುರುಳಿ ಸುರುಳಿ ಆಗಿ ನಿಂತಿತ್ತು. "ಇದ್ ಕಡ್ದದ್ದಲ್ಲ ಮಗಾ, ಗಂಟ್ ಜಾರಿದ್ದ್" ಅಂದೆ. ಅವನಿಗೆ ಆಶ್ಚರ್ಯ. ಅಮ್ಮನಿಗೆ ಮೀನು ಸಾರು ಗೊತ್ತು, ಗಾಳದ ಗಂಟು ಎಂತ ಗೊತ್ತು ಅಂತ!

ಗೊತ್ತಿಲ್ಲದೆ ಎಂತ? ನನ್ನ ತವರು ಇದೇ ಹೊಳೆಯ ಕೊನೆಯಲ್ಲಿ. ನಮ್ಮ ಹಿರಿಯಡ್ಕದ ಬಜೆ ಡ್ಯಾಮ್ ದಾಟಿ ಹೋಗುವ ನೀರು ಸೀತಾ ಹೊಳೆಯನ್ನು ಕೂಡಿಕೊಂಡು ಕೋಡಿ ಬೆಂಗ್ರೆಯ ಹತ್ತಿರ ಕಡಲು ಸೇರುತ್ತದೆ. ಆ ಬದಿಯಲ್ಲಿ ನಾನು ಹುಟ್ಟಿದ್ದು. ಮದುವೆಯಾಗಿ ಮೇಲಕ್ಕೆ ಬಂದೆ, ಹೊಳೆ ಮಾತ್ರ ಅದೇ.

ನನ್ನ ಅಜ್ಜಿ ಮಧ್ಯಾಹ್ನ ಊಟ ಆದ ಮೇಲೆ ಜಗುಲಿಯಲ್ಲಿ ಕೂತು ನೂಲು ಹೊಸೆಯುತ್ತಿದ್ದರಂತೆ. ಹತ್ತಿ, ಸಣಬು. ಅಜ್ಜ ಬಿದಿರಿನ ಸೂಜಿ ಹಿಡಿದು ಅದರಲ್ಲೇ ಬಲೆ ನೇಯುವುದು. ಹಾಗೆ ನೇಯ್ದ ಬಲೆಯನ್ನು ಮರದ ತೊಗಟೆ ಬೇಯಿಸಿದ ಕಷಾಯದಲ್ಲಿ ಅದ್ದಿ ಒಣಗಿಸದಿದ್ದರೆ ಬೇಗ ಕೊಳೆಯುತ್ತಿತ್ತು. ಆಗ ರಂಪಣಿ ಕಾಲ. ಊರಿನ ಗಂಡಸರೆಲ್ಲ ಸೇರಿ ದಡದಿಂದ ಎಳೆಯುವ ಭಾರೀ ಬಲೆ ಅದು. ಒಬ್ಬರ ಸ್ವತ್ತಲ್ಲ. ಒಂದೊಂದು ಮನೆಯಿಂದ ಒಂದೊಂದು ತುಂಡು ಬಲೆ ಕೊಟ್ಟು ಜೋಡಿಸುವುದು, ಕೊಟ್ಟ ಬಲೆಗೆ ತಕ್ಕ ಪಾಲು. ಅಂದ್ರೆ ಕಾಣಿ, ಕಡಲಿಗೆ ಇಳಿಯದ ಅಜ್ಜಿಯ ಕೈಯೂ ಆ ಪಾಲಿನಲ್ಲಿ ಇತ್ತು. ಲೆಕ್ಕದ ಪುಸ್ತಕದಲ್ಲಿ ಅವರ ಹೆಸರು ಇರಲಿಲ್ಲ, ಅಷ್ಟೇ.

ಗಾಳದ ಕತೆ ಇನ್ನೂ ಹಳೆಯದು. ಕಲ್ಯಾಣದ ಚಾಲುಕ್ಯ ರಾಜ 3ನೇ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ' ಅಂತ ಸಂಸ್ಕೃತ ಗ್ರಂಥ ಬರೆಸಿದ. ಅದರಲ್ಲಿ ಮತ್ಸ್ಯವಿನೋದ ಅಂತ ಒಂದು ಭಾಗವೇ ಇದೆ. ಗಾಳದ ಕೋಲು, ನಾರಿನ ಹುರಿ, ಕೊಕ್ಕೆ, ಯಾವ ಮೀನಿಗೆ ಯಾವ ತಿನಿಸು ಎಲ್ಲ ಅದರಲ್ಲಿ ಬರುತ್ತದೆ. ಇಂಗ್ಲೆಂಡಿನವರು ಹೊಗಳುವ ಐಸಾಕ್ ವಾಲ್ಟನ್‌ನ ಗಾಳದ ಪುಸ್ತಕ ಬಂದದ್ದು 1653ರಲ್ಲಿ. ನಮ್ಮದು ಐನೂರು ವರ್ಷ ಹಿರಿದು! ವಾಲ್ಟನ್ ಕಾಲದಲ್ಲಿ ಅಲ್ಲಿ ಕುದುರೆ ಬಾಲದ ಕೂದಲನ್ನು ಹೊಸೆದು ದಾರ ಮಾಡುತ್ತಿದ್ದರು. ಮತ್ತೆ ರೇಷ್ಮೆ ಹುಳದ ಹೊಟ್ಟೆಯೊಳಗಿನ ಅಂಟನ್ನು ಎಳೆದು ಒಣಗಿಸಿದ ಎಳೆ ಬಂತು. ಕೊಕ್ಕೆಯ ಹತ್ತಿರ ಮೀನಿಗೆ ಕಾಣದ ಹಾಗೆ ಬೇರೆ ಎಳೆ ಜೋಡಿಸುವ ಕ್ರಮಕ್ಕೆ ಇಂಥದ್ದೇ ಬೇಕಿತ್ತು. ಎರಡು ಬೇರೆ ಬೇರೆ ದಾರ ಬಂದ ಕೂಡಲೆ ಅವನ್ನು ಸೇರಿಸುವ ಗಂಟೂ ಬೇಕಲ್ದಾ?

ಹತ್ತಿ, ಸಣಬು, ನಾರು ಎಲ್ಲ ಒರಟು. ಒಂದನ್ನೊಂದು ಕಚ್ಚಿ ಹಿಡಿಯುತ್ತವೆ, ನೆನೆದರೆ ಇನ್ನೂ ಬಿಗಿ. ಸಾದಾ ಗಂಟು ಸಾಕಾಗುತ್ತಿತ್ತು. ಅಮೆರಿಕದ ಡ್ಯುಪಾಂಟ್ ಕಂಪೆನಿಯಲ್ಲಿ 1935ರಲ್ಲಿ ಕೆರೋದರ್ಸ್ ಎನ್ನುವವರು ನೈಲಾನ್ ಕಂಡುಹಿಡಿದರು. ಅದು ಮೊದಲು ಹಲ್ಲುಜ್ಜುವ ಬ್ರಶ್ ಆಯಿತು, ಹೆಂಗಸರ ಕಾಲುಚೀಲ ಆಯಿತು, ಗಾಳದ ದಾರವೂ ಆಯಿತು. ನಮ್ಮ ಅಮ್ಮಂದಿರು ಆಸೆಪಟ್ಟು ಉಟ್ಟ ನೈಲೆಕ್ಸ್ ಸೀರೆ ನೆನಪಿತ್ತಾ? ಸೆರಗು ಹೆಗಲ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಗಾಳದ ಗಂಟು ಜಾರುವುದಕ್ಕೂ ಅದೇ ಕಾರಣ, ನುಣುಪು.

ಅಪ್ಪಯ್ಯ ಮೊದಲ ಸಲ ನೈಲಾನ್ ದಾರ ತಂದು, ಅಜ್ಜಿ ಕಲಿಸಿದ ಗಂಟನ್ನೇ ಹಾಕಿ ಹೋಗಿ, ಒಂದು ದೊಡ್ಡ ಕೆಂಬೇರಿ ಕಳೆದುಕೊಂಡು ಬಂದಿದ್ದರಂತೆ. ಆ ದಿನ ಅಕ್ಕಿ ತರುಕೆ ಅದೇ ಮೀನು ಬೇಕಿತ್ತು. ಅಜ್ಜಿ ಬೈಯಲಿಲ್ಲ. ದಾರವನ್ನು ಬೆರಳಲ್ಲಿ ಉಜ್ಜಿ ಕಂಡು, "ಇದಕ್ಕ್ ನನ್ ಗಂಟ್ ಹಿಡಿಯುದಿಲ್ಲ. ಇನ್ನೊಂದ್ ಸುತ್ತ್ ಬೇಕ್" ಅಂದರಂತೆ. ನೈಲಾನ್ ಬಲೆಯ ಗಂಟಿಗೂ ಒಂದು ಸುತ್ತು ಜಾಸ್ತಿಯೇ ಹಾಕುತ್ತಾರೆ.

ಮಗನಿಗೆ ನಾನು ಹೇಳಿಕೊಟ್ಟದ್ದು ಅದನ್ನೇ. ದಾರ, ಗಾಳದ ಎಳೆ ಎರಡರ ತುದಿಯನ್ನೂ ಎದುರು ಬದುರು ಮಾಡಿ ಒಂದು ಗೇಣು ಒಟ್ಟಿಗೆ ಇಡಬೇಕು. ಎರಡನ್ನೂ ಸೇರಿಸಿಯೇ ಒಂದು ಕುಣಿಕೆ ಮಾಡಬೇಕು. ಕೊಕ್ಕೆ ಕಟ್ಟುವ ಮೊದಲೇ, ಗಾಳದ ಎಳೆಯನ್ನು ಪೂರ್ತಿಯಾಗಿ, ಜೊತೆಯಲ್ಲಿ ದಾರದ ತುದಿಯನ್ನೂ ಆ ಕುಣಿಕೆಯೊಳಗಿಂದ ಎರಡು ಸಲ ಹಾಯಿಸಬೇಕು. ಒಂದು ಸಲ ಅಲ್ಲ, ಎರಡು ಸಲ. ಮತ್ತೆ ಎಂಜಲೋ ನೀರೋ ಹಚ್ಚಿ ಒದ್ದೆ ಮಾಡಿ, ನಾಲ್ಕೂ ಎಳೆಯನ್ನು ಸಮವಾಗಿ ಎಳೆದು ಬಿಗಿ ಮಾಡಬೇಕು. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೆ ನೈಲಾನ್ ಸೋಲುತ್ತದೆ. ಇದಕ್ಕೆ ಸರ್ಜನ್ ಗಂಟು ಅಂತ ಹೆಸರು. ಹೊಲಿಗೆ ಹಾಕುವಾಗ ದಾರ ಸಡಿಲ ಆಗದಿರಲಿ ಅಂತ ಡಾಕ್ಟರರು ಹೀಗೇ ಎರಡು ಸುತ್ತು ಹಾಕುವುದಂತೆ.

ಗಂಟು ಬದಲಾಯಿತು, ಸರಿ. ಅಜ್ಜಿಯ ಕೈ ಎಂತ ಆಯಿತು? ಮೆಷಿನಿನಲ್ಲಿ ನೇಯ್ದ ನೈಲಾನ್ ಬಲೆ ಕೊಳೆಯುವುದಿಲ್ಲ, ಕಷಾಯ ಬೇಡ, ಗಂಡಸರಿಗೆ ಹಗುರ. ಅದನ್ನು ಬೇಡ ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಆದರೆ ಮನೆಯಲ್ಲಿ ಹೊಸೆಯುವ ಬಲೆ ಹೋಗಿ ದುಡ್ಡು ಕೊಟ್ಟು ತರುವ ಬಲೆ ಬಂತು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿಯವರಿಗೂ ಅವರಿಗೂ ಜಗಳವೇ ಆಯಿತು. ಕಡೆಗೆ ರಂಪಣಿ ಒಂದೊಂದೇ ಊರಲ್ಲಿ ನಿಂತಿತು. ಪಾಲಿನ ಲೆಕ್ಕದಿಂದ ಅಜ್ಜಿಯ ಕೈ ಬಿಟ್ಟುಹೋಯಿತು. ನಾನು ಕಂಡ ಅಜ್ಜಿ ಜಗುಲಿಯಲ್ಲಿ ಬಾಳೆನಾರು ಒದ್ದೆ ಮಾಡಿಕೊಂಡು ಮಲ್ಲಿಗೆ ಕಟ್ಟುವ ಅಜ್ಜಿ. ನಾರು ಒಣಗಿದ್ರೆ ಕಡಿಯುತ್ತದೆ ಅಂತ ಹೇಳಿಕೊಟ್ಟವರೂ ಅವರೇ.

ಮೊನ್ನೆ ಆದಿತ್ಯವಾರ ಮಗ ಮತ್ತೆ ಹೊಳೆಗೆ ಹೋದ. ಎರಡು ಮುಗುಡು ಸಿಕ್ಕಿತು, ಗಂಟು ಜಾರಲಿಲ್ಲ. ಹುಳಿ ಸ್ವಲ್ಪ ಜಾಸ್ತಿ ಹಾಕಿ ಸಾರು ಮಾಡಿದೆ.

ನಿಮ್ಮ ತವರಿನ ಅಟ್ಟದಲ್ಲಿ ಬಲೆ ನೇಯುವ ಬಿದಿರಿನ ಸೂಜಿ ಇದ್ರೆ ಒಲೆಗೆ ಹಾಕಬೇಡಿ, ಅಕ್ಕಂದಿರೇ. ಅದರಲ್ಲಿ ನೂಲು ತುಂಬಿದವರು ಯಾರು ಅಂತ ಮಕ್ಕಳಿಗೆ ಒಮ್ಮೆ ಹೇಳಿ.