ನವರಸಪುರದ ವಾಗ್ಗೇಯಕಾರ

ವಿಜಯಪುರಕ್ಕೆ ಪಶ್ಚಿಮದಲ್ಲಿ ಸುಮಾರು 6 ಕಿಲೋಮೀಟರ್ ದೂರದಲ್ಲಿರುವ ತೊರವಿಯು ಕನ್ನಡ ವಾಚಕರಿಗೆ ಅಪರಿಚಿತವಾದ ಗ್ರಾಮವಲ್ಲ. ಅಲ್ಲಿಯ ನರಸಿಂಹನನ್ನು ಆರಾಧ್ಯದೈವವಾಗಿ ಉಳ್ಳ ಕುಮಾರವಾಲ್ಮೀಕಿಯು ಭಾಮಿನೀಷಟ್ಪದಿಯಲ್ಲಿ ರಚಿಸಿದ ರಾಮಾಯಣವು ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿರುವುದು. ಆದರೆ ಅದೇ ಗ್ರಾಮದ ಸೀಮೆಯಲ್ಲಿ ಮತ್ತೊಬ್ಬ ಕವಿಯು, ಅರಸನೂ ಗಾಯಕನೂ ಆಗಿದ್ದವನು, ಸಂಗೀತಕ್ಕಾಗಿಯೇ ಒಂದು ನಗರವನ್ನು ಕಟ್ಟಿಸಿ, ತನ್ನ ಗೀತಗಳನ್ನು ಗ್ರಂಥರೂಪದಲ್ಲಿ ನಿಲ್ಲಿಸಿದನೆಂಬುದನ್ನು ಸಾಹಿತ್ಯಚರಿತ್ರೆಗಳು ಅಷ್ಟಾಗಿ ವಿಚಾರಿಸಿಲ್ಲ. ಆ ಲೇಖನದಿಂದ ಉಳಿದುದೇನು, ಅಳಿದುದೇನು ಎಂಬುದೇ ಇಲ್ಲಿ ಪರಾಮರ್ಶಿಸತಕ್ಕ ವಿಷಯ.

ಎರಡನೆಯ ಇಬ್ರಾಹೀಮ್ ಆದಿಲಶಾಹನು 1580ರಲ್ಲಿ ಬಾಲ್ಯದಲ್ಲಿಯೇ ಪಟ್ಟಕ್ಕೆ ಬಂದು, ಮೊದಲು ಚಾಂದಬೀಬಿಯ ಪೋಷಣೆಯಲ್ಲಿದ್ದು, 1627ರ ವರೆಗೆ ರಾಜ್ಯವಾಳಿದನು. ಪ್ರಜೆಗಳಲ್ಲಿ ಇವನಿಗೆ ‘ಜಗದ್ಗುರು’ ಎಂಬ ಪ್ರಸಿದ್ಧಿಯುಂಟು. ಇವನು 1599ರಲ್ಲಿ ತೊರವಿಯ ಸಮೀಪದಲ್ಲಿ ನವರಸಪುರಕ್ಕೆ ಅಡಿಪಾಯ ಹಾಕಿಸಿದನು. ‘ನವರಸ’ವೆಂಬ ಶಬ್ದದಲ್ಲಿ ಇವನಿಗಿದ್ದ ಮೋಹವು ಅಪಾರ. ಅರಮನೆಗೆ ಆ ಹೆಸರು, ಗ್ರಂಥಕ್ಕೆ ಆ ಹೆಸರು. ಇವನ ಆಶ್ರಯದಲ್ಲಿ ಫಿರಿಶ್ತನು ಬರೆದ ಇತಿಹಾಸಕ್ಕೂ ‘ನವರಸನಾಮಾ’ ಎಂಬ ಹೆಸರು ಸಂದಿತು. ಸಂಸ್ಕೃತಜ್ಞರಿಗೆ ಇದು ಶೃಂಗಾರಾದಿ ಒಂಬತ್ತು ರಸಗಳನ್ನು ನೆನಪಿಗೆ ತರುವುದು. ಪಾರಸಿ ಬಲ್ಲವರಿಗೆ ಹೊಸದಾಗಿ ಪಕ್ವವಾದ ಫಲವೆಂಬ ಅರ್ಥವನ್ನು ಕೊಡುವುದು. ಈ ಶ್ಲೇಷವನ್ನು ಆಸ್ಥಾನಕವಿಯಾದ ಜುಹೂರಿಯು ತನ್ನ ಪಾರಸಿ ಪೀಠಿಕೆಯಲ್ಲಿ ವಿವರಿಸಿರುವನು.

ಆ ನಗರದಲ್ಲಿ ಗಾಯಕವಾದಕರಿಗೆ ನೆಲೆ ದೊರೆಯಿತು. ಅವರನ್ನು ಹುಜೂರಿ, ದರ್ಬಾರಿ, ಶಹರಿ ಎಂದು ಮೂರು ವರ್ಗಗಳಾಗಿ ವಿಂಗಡಿಸಲಾಗಿತ್ತೆಂದು ಪಾರಸಿ ಇತಿಹಾಸದಿಂದ ತಿಳಿಯುವುದು. ಅರಸನ ಸನ್ನಿಧಿಯಲ್ಲಿ ಹಾಡುವವರು ಒಂದು ಕಡೆ, ಸಭೆಯಲ್ಲಿ ಹಾಡುವವರು ಒಂದು ಕಡೆ, ಪೌರರಿಗಾಗಿ ಹಾಡುವವರು ಮತ್ತೊಂದು ಕಡೆ ಎಂಬ ಈ ಏರ್ಪಾಡನ್ನು ನೋಡಿದರೆ, ಇಬ್ರಾಹೀಮನು ಕೇವಲ ಹಾಡು ಕಟ್ಟಿದವನಲ್ಲ, ಹಾಡು ನಡೆಯುವುದಕ್ಕೆ ಬೇಕಾದ ಸಂವಿಧಾನವನ್ನೆಲ್ಲ ತಾನೇ ನಿರ್ಮಿಸಿದವನು ಎಂಬುದು ವ್ಯಕ್ತವಾಗುವುದು.

ಅವನ ಗ್ರಂಥವಾದ ‘ಕಿತಾಬ್-ಇ-ನವರಸ್’ ದಖ್ಖನಿ ಭಾಷೆಯದು. ಸಂಸ್ಕೃತ ಶಬ್ದಗಳು ಅದರಲ್ಲಿ ಹೇರಳವಾಗಿವೆ. 1956ರಲ್ಲಿ ನಜೀರ್ ಅಹಮದರು ಇದನ್ನು ಸಂಪಾದಿಸಿ ಪ್ರಕಟಿಸಿದರು. ಅದರಂತೆ ಇದರಲ್ಲಿ 59 ಗೀತಗಳೂ 17 ದೋಹೆಗಳೂ ಇರುವುವು. ಸರಸ್ವತಿ, ಗಣಪತಿ, ಪೈಗಂಬರರು, ಕಲಬುರಗಿಯ ಬಂದೇನವಾಜ ಗೇಸೂದರಾಜರು ಇವರೆಲ್ಲರ ಸ್ತುತಿಯೂ ಇಲ್ಲಿ ಒಂದೇ ಗ್ರಂಥದಲ್ಲಿ ಕೂಡಿ ಬಂದಿರುವುದು. ಅರಸನ ಪ್ರಿಯವಾದ ಆನೆ ಆತಶಖಾನನೂ, ‘ಮೋತಿಖಾನ’ನೆಂದು ಹೆಸರು ಪಡೆದ ಅವನ ತಂಬೂರಿಯೂ ಗೀತಗಳಿಗೆ ವಸ್ತುವಾಗಿರುವುವು. ಗೀತಗಳನ್ನು ರಾಗಾನುಕ್ರಮವಾಗಿ ಜೋಡಿಸಿದೆ. ಭೂಪಾಲಿ, ರಾಮಕ್ರಿ, ಭೈರವ, ಆಸಾವರಿ, ತೋಡಿ, ಮಲ್ಹಾರ, ಗೌರಿ, ಕಲ್ಯಾಣ, ಧನಾಶ್ರೀ, ಕಾನಡಾ, ಕೇದಾರ ಮೊದಲಾದ ದೇಶೀಯ ರಾಗಗಳೊಡನೆ ಹಿಜಾಜ್, ನವರೋಜ್ ಎಂಬ ಪಾರಸೀಕ ನಾಮಗಳೂ ಕಾಣಬರುವುವು. ಇದರಲ್ಲಿ ವಿಸ್ಮಯಪಡತಕ್ಕದ್ದಿಲ್ಲ. ಕನ್ನಡನಾಡಿನ ಸಾತನೂರಿನವನಾದ ಪುಂಡರೀಕ ವಿಠ್ಠಲನು ಅದೇ ಶತಮಾನದಲ್ಲಿ ಉತ್ತರದ ಅರಸರ ಆಶ್ರಯದಲ್ಲಿದ್ದು, ತನ್ನ ‘ರಾಗಮಂಜರಿ’ಯಲ್ಲಿ ಪಾರಸೀಕ ರಾಗಗಳನ್ನು ದೇಶೀಯ ರಾಗಗಳ ಪಕ್ಕದಲ್ಲಿಯೇ ಹೇಳಿರುವನಷ್ಟೆ.

ಗೀತಗಳ ಅವಯವಗಳಿಗೆ ಅಂತರಾ, ಆಭೋಗ ಎಂಬ ಸಂಜ್ಞೆಗಳಿರುವುದು ಗಮನಾರ್ಹ. ಉದ್ಗ್ರಾಹ, ಮೇಲಾಪಕ, ಧ್ರುವ, ಅಂತರ, ಆಭೋಗಗಳೆಂಬ ಪ್ರಬಂಧಾಂಗಗಳನ್ನು ದೇವಗಿರಿಯ ಶಾರ್ಙ್ಗದೇವನು 13ನೆಯ ಶತಮಾನದಲ್ಲಿಯೇ ‘ಸಂಗೀತರತ್ನಾಕರ’ದಲ್ಲಿ ನಿರೂಪಿಸಿದ್ದನು. ಆದುದರಿಂದ ಲಿಪಿಯು ಪಾರಸಿಯದಾದರೂ, ಭಾಷೆಯು ದಖ್ಖನಿಯಾದರೂ, ಗೀತದ ಅಸ್ಥಿಪಂಜರವು ಪ್ರಾಚೀನ ಪ್ರಬಂಧದ್ದೇ ಎಂದು ಹೇಳಬಹುದು.

ಈಗ ಮುಖ್ಯ ಪ್ರಶ್ನೆ. ಶಾರ್ಙ್ಗದೇವನ ಮತದಲ್ಲಿ ಗೀತದ ವಾಕ್ಕಿಗೆ ಮಾತು ಎಂದೂ ಗೇಯಾಂಶಕ್ಕೆ ಧಾತು ಎಂದೂ ಹೆಸರು. ಎರಡನ್ನೂ ರಚಿಸುವವನೇ ವಾಗ್ಗೇಯಕಾರನು. (ಶಾಸ್ತ್ರದ ಈ ‘ಮಾತು’ವಿಗೂ ಕನ್ನಡದ ‘ಮಾತಿ’ಗೂ ಇರುವ ಸಾಮ್ಯವನ್ನು ಕನ್ನಡಿಗರಿಗೆ ಬೇರೆ ಹೇಳಬೇಕಾದುದಿಲ್ಲ.) ಧಾತುವಿನಲ್ಲಿ ಸಮರ್ಥನಾಗಿದ್ದು ಮಾತಿನಲ್ಲಿ ಮಂದನಾದವನು ಮಧ್ಯಮನು, ಅನ್ಯರ ಧಾತುವಿಗೆ ಮಾತನ್ನು ಹೊಂದಿಸುವವನಾದರೋ ಕೇವಲ ಕುಟ್ಟಿಕಾರನು. ಹಾಗಾದರೆ ಇಬ್ರಾಹೀಮನು ವಾಗ್ಗೇಯಕಾರನೋ ಕುಟ್ಟಿಕಾರನೋ? ಗ್ರಂಥವನ್ನು ಎಷ್ಟು ಸಲ ತಿರುವಿದರೂ ಇದಕ್ಕೆ ಉತ್ತರವು ಸಿಕ್ಕುವುದಿಲ್ಲ. ಏಕೆಂದರೆ ಅದರಲ್ಲಿ ಮಾತು ಮಾತ್ರ ಲಿಖಿತವಾಗಿದೆ. ಧಾತುವಿನ ಗುರುತಾಗಿ ರಾಗದ ಹೆಸರೊಂದೇ ಉಳಿದಿದೆ.

ಆದುದರಿಂದ ಹೊರಗಿನ ಸಾಕ್ಷ್ಯವನ್ನು ಆಶ್ರಯಿಸಬೇಕಾಗುವುದು. ಜುಹೂರಿಯ ಪ್ರಶಂಸೆಯು ಆಶ್ರಿತನ ಪ್ರಶಂಸೆಯಾದುದರಿಂದ ಅದನ್ನು ಅಷ್ಟಕ್ಕಷ್ಟೇ ಎಣಿಸಬೇಕು. ಆದರೆ ಮೊಗಲರ ಹೇಳಿಕೆಗಳು ಪರಪಕ್ಷದವು. ಅವರಿಗೆ ವಿಜಾಪುರದ ಅರಸನನ್ನು ಹೊಗಳುವ ನಿರ್ಬಂಧವಿರಲಿಲ್ಲ. ಅಕ್ಬರನ ದೂತನಾಗಿ ಬಂದಿದ್ದ ಅಸದಬೇಗನು, ಸಂಗೀತದಲ್ಲಿ ತನ್ಮಯನಾಗಿದ್ದ ಅರಸನು ತಾನ್‌ಸೇನನು ಚಕ್ರವರ್ತಿಯ ಮುಂದೆ ನಿಂತು ಹಾಡುವನೋ ಕುಳಿತು ಹಾಡುವನೋ ಎಂದು ತನ್ನನ್ನು ಕೇಳಿದುದಾಗಿ ಬರೆದಿರುವನು. ಗಾಯಕನ ಆಸನದ ವಿಷಯವನ್ನು ವಿಚಾರಿಸುವವನು ಗಾನದ ಕಷ್ಟಸುಖವನ್ನು ಬಲ್ಲವನೇ ಸರಿ. ಜಹಾಂಗೀರನಾದರೋ ತನ್ನ ಆತ್ಮಚರಿತ್ರೆಯಲ್ಲಿ, ಇಬ್ರಾಹೀಮನು ಬಖ್ತರಖಾನನೆಂಬ ಕಲಾವಂತನಿಗೆ ತನ್ನ ಸೋದರನ ಮಗಳನ್ನು ಕೊಟ್ಟು ಮದುವೆ ಮಾಡಿ, ಧ್ರುಪದಗಾನದಲ್ಲಿ ಅವನನ್ನೇ ಗುರುವಾಗಿ ಸ್ವೀಕರಿಸಿದನೆಂದು ಹೇಳುವನು. ಗುರುಮುಖದಿಂದ ಶಿಕ್ಷಣವನ್ನು ಪಡೆದ ಕವಿಗೆ ಧಾತುಜ್ಞಾನವಿರಲಿಲ್ಲವೆಂದು ಶಂಕಿಸುವುದು ನ್ಯಾಯವಾಗದು. ಇಬ್ರಾಹೀಮನನ್ನು ವಾಗ್ಗೇಯಕಾರನೆಂದು ಕರೆಯುವುದು ಯುಕ್ತವೇ. ಆದರೆ ಆ ಪದವಿಯು ಅವನಿಗೆ ದೊರೆಯುವುದು ಪರರ ಸಾಕ್ಷ್ಯದಿಂದ, ಅವನ ಸ್ವಂತ ಗ್ರಂಥದಿಂದಲ್ಲ.

ಆ ಗ್ರಂಥದ ಲೇಖನಕ್ಕೆ ಮಾಡಿದ ಪ್ರಯತ್ನವಾದರೂ ಸಾಮಾನ್ಯವಾದುದಲ್ಲ. ಪ್ರಸಿದ್ಧ ಲಿಪಿಕಾರನಾದ ಖಲೀಲುಲ್ಲನು 1618ರಲ್ಲಿ ‘ನವರಸ’ದ ಒಂದು ಪ್ರತಿಯನ್ನು ಒಪ್ಪಿಸಿದಾಗ, ಅರಸನು ಅವನಿಗೆ ‘ಲೇಖನಿಯ ಬಾದಶಹ’ನೆಂಬ ಅರ್ಥದ ಬಿರುದನ್ನಿತ್ತು ಸಿಂಹಾಸನದ ಮೇಲೆಯೇ ಕುಳ್ಳಿರಿಸಿದನೆಂದು ಪ್ರಸಿದ್ಧಿಯಿದೆ. ಸ್ವರಗಳನ್ನು ಬರೆದಿಡುವ ಉಪಾಯವು ಆ ಕಾಲಕ್ಕೆ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಸೋಮನಾಥನು 1609ರಲ್ಲಿ ರಚಿಸಿದ ‘ರಾಗವಿಬೋಧ’ದಲ್ಲಿ ವೀಣೆಗಾಗಿ ಸ್ವರಲಿಪಿಯನ್ನು ಗಮಕಚಿಹ್ನೆಗಳೊಡನೆ ಕೊಟ್ಟಿರುವನು. ಆದರೂ ಆದಿಲಶಾಹಿ ಲಿಪಿಕಾರರು ಅಕ್ಷರವನ್ನಲಂಕರಿಸಿದರಲ್ಲದೆ ಸ್ವರವನ್ನು ಬರೆಯಲಿಲ್ಲ. ಸ್ವರವು ಬಾಯಿಂದ ಬಾಯಿಗೆ ಸಾಗತಕ್ಕದ್ದೆಂದೂ, ಹಾಡುವವರು ಎಂದೆಂದಿಗೂ ಇರುವರೆಂದೂ ಅವರು ನಂಬಿದ್ದಿರಬೇಕು.

ಆ ನಂಬಿಕೆಯು ಸಫಲವಾಗಲಿಲ್ಲ. 1624ರಲ್ಲಿ ಭಾತವಡಿಯ ಯುದ್ಧದಲ್ಲಿ ಜಯಶಾಲಿಯಾದ ಮಲಿಕ್ ಅಂಬರನು ವಿಜಾಪುರದ ಮೇಲೆ ಏರಿಬಂದು, ಕೋಟೆಯ ಕೆಲಸವು ಪೂರ್ಣವಾಗದಿದ್ದ ನವರಸಪುರವನ್ನು ಸೂರೆಗೊಂಡು ಹಾಳುಗೆಡವಿದನು. ನಗರವು ಬಾಳಿದುದು 25 ವರ್ಷ. ಅದನ್ನು ಕಟ್ಟಿಸಿದವನು ಇನ್ನೂ ಬದುಕಿರುವಾಗಲೇ ಅದು ಪಾಳುಬಿದ್ದಿತು. ಇಂದು ಅಲ್ಲಿ ಸಂಗೀತಮಹಲಿನ ಎತ್ತರವಾದ ಕಮಾನುಗಳು ಛಾವಣಿಯಿಲ್ಲದೆ ನಿಂತಿರುವುವು.

ರಾಗದ ಹೆಸರು ತಿಳಿದಿರುವುದರಿಂದ ಧಾತುವನ್ನು ಮತ್ತೆ ಪಡೆಯಬಹುದೆಂದು ಕೆಲವರು ಆಕ್ಷೇಪಿಸಬಹುದು. ಅದು ಸರಿಯಲ್ಲ. ಗ್ರಂಥದಲ್ಲಿರುವ ತೋಡಿಯನ್ನೇ ತೆಗೆದುಕೊಳ್ಳಬಹುದು. ಕರ್ನಾಟಕ ಪದ್ಧತಿಯ ತೋಡಿಯ ಸ್ವರಗಳು ಹಿಂದುಸ್ತಾನಿಯ ಭೈರವಿಗೆ ಸಲ್ಲುವುವೇ ಹೊರತು ಹಿಂದುಸ್ತಾನಿಯ ತೋಡಿಗಲ್ಲ. ಒಂದೇ ಕಾಲದಲ್ಲಿ ಎರಡು ಪದ್ಧತಿಗಳಲ್ಲಿ ಒಂದೇ ಹೆಸರು ಹೀಗೆ ಭಿನ್ನವಾಗಿರುವಾಗ, 400 ವರ್ಷಗಳ ಹಿಂದಿನ ಹೆಸರು ಅಂದಿನ ಸ್ವರೂಪವನ್ನೇ ಸೂಚಿಸುವುದೆಂದು ಹೇಗೆ ನಂಬುವುದು? ಇಂದು ಆ ಪದಗಳನ್ನು ಯಾರು ಹಾಡಿದರೂ ಅದು ಇಬ್ರಾಹೀಮನ ಮಾತಿಗೆ ಹೊಸ ಧಾತು.

ಇಲ್ಲಿ ತೊರವಿಯ ಇನ್ನೊಂದು ಕೃತಿಯನ್ನು ಹೋಲಿಸಿ ನೋಡಬೇಕು. ಕುಮಾರವಾಲ್ಮೀಕಿಯ ಷಟ್ಪದಿಗೆ ಲಯವು ಮಾತಿನ ಒಳಗೇ ಇದೆ. ಮಾತ್ರಾಗಣಗಳನ್ನು ಬಲ್ಲವನು ತಾಳೆಯೋಲೆಯನ್ನು ಬಿಚ್ಚಿದೊಡನೆಯೇ ಅದರ ನಡೆಯನ್ನು ಹಿಡಿಯುವನು. ರಾಗವನ್ನು ಕವಿಯು ಗಮಕಿಗೆ ಬಿಟ್ಟುಕೊಟ್ಟನು. ಬಿಟ್ಟುಕೊಟ್ಟುದರಿಂದಲೇ ಅವನಿಗೆ ನಷ್ಟವಾಗಲಿಲ್ಲ. ಇಬ್ರಾಹೀಮನು ರಾಗವನ್ನು ಗೊತ್ತುಮಾಡಿ ಬರೆಯಿಸಿದನು; ಆ ಗೊತ್ತನ್ನು ತಿಳಿಸಬೇಕಾದ ಶಿಷ್ಯಪರಂಪರೆಯು ಕಡಿದುಹೋದೊಡನೆ ಗೀತದ ಅರ್ಧವೂ ಹೋಯಿತು.

1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನಳ ಗಾನವು ಗ್ರಾಮಫೋನಿಗೆ ಸೇರಿದ ಬಳಿಕ ಧಾತುವನ್ನು ಮಾತಿನೊಡನೆಯೇ ಹಿಡಿದಿಡುವ ಸಾಧನವು ಭಾರತಕ್ಕೆ ದೊರೆಯಿತು. ಆಗ ವಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿಯಲ್ಲಿ ಹುಟ್ಟಿ, ಹಾಡುಗಾರ್ತಿಯಾಗಿ ಹೆಸರಾಗಿ, 1948ರ ‘ಶಹನಾಜ್’ ಚಿತ್ರಕ್ಕೆ ಸಂಗೀತವನ್ನೂ ಸಂಯೋಜಿಸಿದ ಅಮೀರಬಾಯಿ ಕರ್ನಾಟಕಿಯು 1965ರಲ್ಲಿ ತೀರಿಕೊಂಡರೂ, ಆಕೆಯ ಕಂಠವು ಮುದ್ರಿಕೆಗಳಲ್ಲಿ ಇಂದಿಗೂ ಕೇಳಬರುವುದು. ಅದೇ ಸೀಮೆಯಲ್ಲಿ ನಗರವನ್ನೇ ಕಟ್ಟಿಸಿದ ಅರಸನ ಒಂದು ಸ್ವರವೂ ಕೇಳಿಬರದು. ಆದುದರಿಂದ ‘ನವರಸ’ವನ್ನು ಪಾಠಹೇಳುವವರು ಅದನ್ನು ಪೂರ್ಣವಾದ ಕಾವ್ಯವೆಂದು ಬೋಧಿಸಿ ಬಿಡದೆ, ಅರ್ಧವನ್ನು ಕಳೆದುಕೊಂಡ ಗೀತವೆಂದು ವಿದ್ಯಾರ್ಥಿಗಳಿಗೆ ತಿಳಿಸುವುದು ಉಚಿತ. ಹಾಗೆ ತಿಳಿದವರು, ಇನ್ನೂ ಬಾಯಲ್ಲಿ ಉಳಿದಿರುವ ಹಾಡುಗಳ ಮಾತನ್ನಷ್ಟೇ ಬರೆದುಕೊಂಡು ತೃಪ್ತರಾಗಲಾರರು.